ಕಿವಿ ಕಟ್ಟಿದರೆ ಎಣ್ಣೆಯೇಕೆ?

ಉದಕಮಂಡಲದಿಂದ ಹೊರಟ ಬಸ್ಸು ಗೂಡಲೂರಿನ ಘಟ್ಟವನ್ನಿಳಿದು, ಬಂಡೀಪುರದ ಕಾಡನ್ನು ದಾಟಿ, ಗುಂಡ್ಲುಪೇಟೆಯನ್ನು ಸೇರುವಷ್ಟರಲ್ಲಿ ಅದರೊಳಗಿನ ಹಲವರಿಗೆ ಕಿವಿ ಕಟ್ಟಿಕೊಂಡಿರುತ್ತದೆ. ಪಕ್ಕದಲ್ಲಿ ಕುಳಿತವರ ಮಾತು ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ. ತಮ್ಮ ದನಿಯೇ ತಮಗೆ ತಲೆಬುರುಡೆಯೊಳಗೆ ಮೊಳಗುತ್ತದೆ. ಒಬ್ಬರು ಆಕಳಿಸುತ್ತಾರೆ, ಇನ್ನೊಬ್ಬರು ಎಂಜಲು ನುಂಗುತ್ತಾರೆ, ಮತ್ತೊಬ್ಬರು ಕಿವಿಗೆ ಬೆರಳಿಟ್ಟು ಅಲ್ಲಾಡಿಸುತ್ತಾರೆ. ‘ಟಪ್’ ಎಂಬ ಸಣ್ಣ ಸದ್ದಿನೊಡನೆ ಕಿವಿ ಬಿಟ್ಟುಕೊಳ್ಳುತ್ತದೆ; ಹೊರಗಿನ ಸದ್ದೆಲ್ಲವೂ ಒಮ್ಮೆಗೇ ಮರಳಿ ಬರುತ್ತದೆ. ಅಲ್ಲಿಗೆ ಆ ಸಂಗತಿಯನ್ನು ಎಲ್ಲರೂ ಮರೆಯುತ್ತಾರೆ. ಮರೆಯಲಾಗದವರ ವಿಚಾರವಾಗಿ ಇಲ್ಲಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳನ್ನು ಉದಕಮಂಡಲಕ್ಕೆ ಪ್ರವಾಸ ಕರೆದೊಯ್ದಿದ್ದೆವು. ಅವರಲ್ಲಿ ನಮ್ಮೂರಾದ ಉಡಿಗಾಲದ ಹುಡುಗನೊಬ್ಬನಿದ್ದನು. ಅವನಿಗೆ ಆ ದಿನ ನೆಗಡಿ. ಹಿಂದಿರುಗುವಾಗ ಘಟ್ಟದ ಉದ್ದಕ್ಕೂ ನಿದ್ದೆಮಾಡಿದವನು ಗುಂಡ್ಲುಪೇಟೆಯಲ್ಲಿ ಎಚ್ಚೆತ್ತಾಗ ಎಡಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ನೋವೆಂದನು. ‘ಮನೆಗೆ ಹೋಗಿ ಮಲಗು, ಸರಿಹೋಗುತ್ತದೆ’ ಎಂದು ನಾವು ಹೇಳಿ ಕಳುಹಿಸಿದೆವು. ಮನೆಯಲ್ಲಿ ಅವನ ಅಜ್ಜಿ, ಸಹಜವಾದ ಮಮತೆಯಿಂದ, “ಯಾಕ್ ಮೊಗ, ಕಿವಿ ಕಟ್ಕಂಡದಾ? ಬಾ, ಬೆಳ್ಳುಳ್ಳಿ ಎಣ್ಣ ಕಾಸಿ ಬುಡ್ತೀನಿ” ಎಂದು ಕರೆದು, ಒಲೆಯ ಮೇಲಿಂದ ಇಳಿಸಿದ ಎಣ್ಣೆಯನ್ನು ಸರಿಯಾಗಿ ಆರುವ ಮೊದಲೇ ಕಿವಿಗೆ ಬಿಟ್ಟರು. ಕಿವಿಯ ಹೊರನಾಳದ ತೆಳುಚರ್ಮ ಬೆಂದುಹೋಯಿತು. ಹುಡುಗನು ಹದಿನೈದು ದಿನ ತರಗತಿಗೆ ಬರಲಿಲ್ಲ. ಘಟ್ಟ ಮಾಡಿದ ಕೇಡು ಒಂದೆರಡು ದಿನದ್ದು. ಎಣ್ಣೆ ಮಾಡಿದ ಕೇಡು ಹದಿನೈದು ದಿನದ್ದು.

ಅಜ್ಜಿಯನ್ನು ದೂರಲು ನಮಗೆ ಮನಸ್ಸಿಲ್ಲ. ದೂರಬೇಕಾದವರು ನಾವೇ. ಆ ಪ್ರವಾಸಕ್ಕೆ ಹದಿನೈದು ದಿನ ಮೊದಲು ಅದೇ ಹುಡುಗನಿಗೆ ವಾಯುಭಾರದ ಪಾಠವನ್ನು ಹೇಳಿದವರು ನಾವು. ಟೊರಿಸೆಲ್ಲಿಯ ಪಾದರಸದ ನಳಿಗೆ, ಪಾಸ್ಕಲನ ನಿಯಮ, ಬಾಯ್ಲನ ನಿಯಮ, ಇವೆಲ್ಲವೂ ಹಲಗೆಯ ಮೇಲೆ ಬಂದುಹೋಗಿದ್ದುವು. ಆದರೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತಲೆಯ ಎರಡು ಪಕ್ಕದಲ್ಲಿ ಒಂದೊಂದು ವಾಯುಭಾರಮಾಪಕವನ್ನು ಹೊತ್ತು ತಿರುಗುತ್ತಿದ್ದಾನೆಂಬ ಮಾತನ್ನು ನಾವು ಆಡಲಿಲ್ಲ. ಪುಸ್ತಕದಲ್ಲಿ ಅದು ಇರಲಿಲ್ಲ, ನಮಗೂ ತೋಚಲಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುವೆವು. ಕಿವಿ ಕಟ್ಟುವುದು ಮೊದಲು ಭೌತಶಾಸ್ತ್ರದ ಸಂಗತಿ, ಆಮೇಲೆ ವೈದ್ಯಶಾಸ್ತ್ರದ ಸಂಗತಿ. ತೊಂದರೆಯಿರುವುದು ಕಿವಿದಮಟೆಯ ಒಳಮಗ್ಗುಲಲ್ಲಿ. ನಾವು ಮದ್ದು ಮಾಡುವುದು ಹೊರಮಗ್ಗುಲಲ್ಲಿ. ಬಾಗಿಲು ಒಂದು ಕಡೆ ಇದ್ದರೆ ಗೋಡೆಯನ್ನು ತಟ್ಟಿ ಫಲವೇನು? ಈ ತಿಳಿವಳಿಕೆಯನ್ನು ಶಾಲೆ ಕಾಲೇಜುಗಳು ಕೊಡದಿರುವಷ್ಟು ಕಾಲ ಎಣ್ಣೆಯ ಸೌಟು, ತಲೆಪಿನ್ನು, ಬೆಂಕಿಕಡ್ಡಿಗಳು ತಮ್ಮ ಕೆಲಸವನ್ನು ಮಾಡುತ್ತಲೇ ಇರುವುವು.

ಘಟ್ಟವೂ ಬಾವಿಯೂ

ಕಿವಿಯ ರಚನೆಯನ್ನು ನೆನಪಿಗೆ ತಂದುಕೊಳ್ಳೋಣ. ಹೊರಗಿನಿಂದ ಒಳಕ್ಕೆ ಹೋಗುವ ನಾಳದ ಕೊನೆಯಲ್ಲಿ ಒಂದು ತೆಳ್ಳಗಿನ ಪೊರೆ ಬಿಗಿದಿದೆ. ಅದೇ ಕಿವಿದಮಟೆ. ಅದರ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು. ಅದರ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯೊಂದುಂಟು, ಅದು ಮಧ್ಯಕರ್ಣ. ದಮಟೆಯು ಚೆನ್ನಾಗಿ ಕಂಪಿಸಬೇಕಾದರೆ ಅದರ ಎರಡು ಮಗ್ಗುಲಲ್ಲಿಯೂ ಗಾಳಿಯ ಒತ್ತಡ ಸಮನಾಗಿರಬೇಕು. ಈ ಸಮತೂಕಕ್ಕಾಗಿ ಪ್ರಕೃತಿಯು ಮಧ್ಯಕರ್ಣದಿಂದ ಮೂಗಿನ ಹಿಂಬದಿಗೆ ಒಂದು ಕಿರಿದಾದ ನಳಿಕೆಯನ್ನು ತೋಡಿದೆ. ದೊಡ್ಡವರಲ್ಲಿ ಅದರ ಉದ್ದ ಸುಮಾರು ಮೂರೂವರೆ ಸೆಂಟಿಮೀಟರ್. ೧೬ನೆಯ ಶತಮಾನದಲ್ಲಿ ಇದನ್ನು ವಿವರವಾಗಿ ವರ್ಣಿಸಿದ ಇಟಲಿಯ ಅಂಗರಚನಾಶಾಸ್ತ್ರಜ್ಞ ಯೂಸ್ಟೇಕಿಯ ಹೆಸರಿನಿಂದ ಅದಕ್ಕೆ ಯೂಸ್ಟೇಷಿಯನ್ ನಳಿಕೆಯೆಂದು ಹೆಸರಾಯಿತು.

ಈ ನಳಿಕೆಯು ಸದಾ ತೆರೆದಿರುವುದಿಲ್ಲ. ಸಾಮಾನ್ಯವಾಗಿ ಮುಚ್ಚಿಕೊಂಡಿದ್ದು, ನಾವು ನುಂಗಿದಾಗಲೂ ಆಕಳಿಸಿದಾಗಲೂ ಅಂಗುಳಿನ ಸ್ನಾಯುಗಳು ಅದನ್ನು ಎಳೆದು ಕ್ಷಣಮಾತ್ರ ತೆರೆಯುತ್ತವೆ. ಆ ಕ್ಷಣದಲ್ಲಿ ಒಳಗಿನ ಗಾಳಿಯೂ ಹೊರಗಿನ ಗಾಳಿಯೂ ಒಂದಾಗುತ್ತವೆ. ನಾವು ಕೇಳುವ ‘ಟಪ್’ ಎಂಬ ಸದ್ದು ಅದೇ. ನಿದ್ದೆಯಲ್ಲಿ ನಾವು ನುಂಗುವುದು ಕಡಿಮೆ. ಘಟ್ಟದಲ್ಲಿ ನಿದ್ದೆಮಾಡಿದ ನಮ್ಮ ಹುಡುಗನ ನಳಿಕೆ ಏಕೆ ತೆರೆಯಲಿಲ್ಲವೆಂಬುದಕ್ಕೆ ಅರ್ಧ ಉತ್ತರ ಇಲ್ಲಿಯೇ ಇದೆ. ಉಳಿದರ್ಧ ಉತ್ತರ ಅವನ ನೆಗಡಿ. ನೆಗಡಿಯಲ್ಲಿ ಮೂಗಿನ ಒಳಪೊರೆ ಊದಿಕೊಳ್ಳುವಂತೆ ನಳಿಕೆಯ ಒಳಪೊರೆಯೂ ಊದಿಕೊಳ್ಳುತ್ತದೆ.

ಈಗ ಲೆಕ್ಕಕ್ಕೆ ಬರೋಣ. ೧೬೪೮ರ ಸೆಪ್ಟೆಂಬರ್ ೧೯ರಂದು, ಪಾಸ್ಕಲನ ಕೋರಿಕೆಯಂತೆ, ಅವನ ಭಾವನಾದ ಪೆರಿಯೇ ಎಂಬವನು ಫ್ರಾನ್ಸ್ ದೇಶದ ಪ್ಯೂಯಿ ದ ದೋಮ್ ಎಂಬ ಬೆಟ್ಟವನ್ನು ಪಾದರಸದ ನಳಿಗೆಯೊಡನೆ ಏರಿದನು. ಮೇಲೇರಿದಂತೆ ಪಾದರಸ ಇಳಿಯಿತು. ಗಾಳಿಗೂ ಭಾರವುಂಟೆಂಬುದು ಅಲ್ಲಿಗೆ ಸಿದ್ಧವಾಯಿತು. ನಮ್ಮ ಸೀಮೆಯವರು ಉದಕಮಂಡಲಕ್ಕೆ ಹೋಗಿಬರುವಾಗಲೆಲ್ಲ ಪೆರಿಯೇಯ ಪ್ರಯೋಗವನ್ನು ತಮ್ಮ ಕಿವಿಯಲ್ಲಿಯೇ ಮತ್ತೆ ಮಾಡುತ್ತಿರುವರು. ಉದಕಮಂಡಲದ ಎತ್ತರ ಸಮುದ್ರಮಟ್ಟದಿಂದ ಸುಮಾರು ೨೨೪೦ ಮೀಟರ್. ಗುಂಡ್ಲುಪೇಟೆಯದು ಸುಮಾರು ೮೦೦ ಮೀಟರ್. ಸಮುದ್ರಮಟ್ಟದಲ್ಲಿ ೭೬೦ ಮಿಲಿಮೀಟರ್ ನಿಲ್ಲುವ ಪಾದರಸವು ಗುಂಡ್ಲುಪೇಟೆಯಲ್ಲಿ ಸುಮಾರು ೬೯೦ಕ್ಕೂ ಉದಕಮಂಡಲದಲ್ಲಿ ಸುಮಾರು ೫೮೦ಕ್ಕೂ ನಿಲ್ಲುವುದೆಂದು ಲೆಕ್ಕದಿಂದ ತಿಳಿಯುತ್ತದೆ. ಎಂದರೆ ಎರಡು ಊರುಗಳ ನಡುವಣ ಅಂತರ ಸುಮಾರು ೧೧೦ ಮಿಲಿಮೀಟರ್ ಪಾದರಸದಷ್ಟು.

ಉದಕಮಂಡಲದಲ್ಲಿ ಮಧ್ಯಕರ್ಣದೊಳಗೆ ಸಿಕ್ಕ ಗಾಳಿಯು ಹೊರಗಿನ ಸಂಪರ್ಕವಿಲ್ಲದೆ ಗುಂಡ್ಲುಪೇಟೆಗೆ ಬಂದರೆ ಏನಾಗುವುದು? ಬಾಯ್ಲನ ನಿಯಮದಂತೆ ಅದು ತನ್ನ ಗಾತ್ರದಲ್ಲಿ ಸುಮಾರು ಆರನೇ ಒಂದು ಪಾಲು ಕುಗ್ಗಬೇಕು. ಬೆಟ್ಟದ ಮೇಲೆ ಬಿರಡೆ ಬಿಗಿದ ತೆಳು ಪ್ಲಾಸ್ಟಿಕ್ ಸೀಸೆಯೊಂದನ್ನು ಕೆಳಕ್ಕೆ ತಂದರೆ ಅದರ ಪಕ್ಕಗಳು ಒಳಕ್ಕೆ ಅಪ್ಪಚ್ಚಿಯಾಗಿರುವುದನ್ನು ಯಾರಾದರೂ ನೋಡಬಹುದು. ಆದರೆ ಮಧ್ಯಕರ್ಣದ ಗೋಡೆ ಮೂಳೆಯದು, ಅದು ಕುಗ್ಗಲಾರದು. ಬಗ್ಗುವುದೊಂದೇ, ಆ ತೆಳುದಮಟೆ. ದಮಟೆಯ ಕಂಪಿಸುವ ಭಾಗದ ವಿಸ್ತಾರ ಸುಮಾರು ೫೫ ಚದರ ಮಿಲಿಮೀಟರ್ ಎಂದಿಟ್ಟುಕೊಂಡರೆ, ೧೧೦ ಮಿಲಿಮೀಟರ್ ಪಾದರಸದ ಒತ್ತಡವು ಅದರ ಮೇಲೆ ೮೦ ಗ್ರಾಂ ತೂಕವನ್ನು ಹೇರಿದಂತಾಗುತ್ತದೆ. ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ ಪೊರೆಗೆ ಇದು ಸಣ್ಣ ಹೊರೆಯಲ್ಲ.

ಘಟ್ಟವನ್ನೇ ಕಾಣದವರಿಗೂ ಈ ಲೆಕ್ಕ ಸಲ್ಲುತ್ತದೆ. ಇಷ್ಟೇ ಒತ್ತಡವನ್ನು ನೀರಿನಲ್ಲಿ ಪಡೆಯಬೇಕಾದರೆ ಒಂದೂವರೆ ಮೀಟರ್ ಆಳಕ್ಕೆ ಇಳಿದರೆ ಸಾಕು! ಬೇಸಿಗೆಯಲ್ಲಿ ನಮ್ಮ ಹಳ್ಳಿಯ ಹುಡುಗರು ತೋಟದ ಬಾವಿಗೆ ಧುಮುಕಿ ತಳದ ಮಣ್ಣನ್ನು ತರುವ ಪಂಥ ಕಟ್ಟುವರಲ್ಲವೆ? ಬಸ್ಸು ಗಂಟೆಗಟ್ಟಲೆ ಇಳಿದು ಹೇರುವ ಭಾರವನ್ನು ಬಾವಿಯ ನೀರು ಎರಡು ಮೂರು ಕ್ಷಣದಲ್ಲಿ ಹೇರುತ್ತದೆ. ನೆಗಡಿಯಾದಾಗ ಬಾವಿಯಲ್ಲಿ ಮುಳುಗಬಾರದೆಂದು ಹಿರಿಯರು ಹೇಳುವ ಮಾತಿಗೆ ಅವರು ಕೊಡುವ ಕಾರಣ ಬೇರೆಯಿರಬಹುದು, ಮಾತಂತೂ ನಿಜ.

ಏರುವುದು ಸುಲಭ, ಇಳಿಯುವುದು ಕಷ್ಟ

ಏರುವಾಗ ಇಲ್ಲದ ನೋವು ಇಳಿಯುವಾಗ ಬರುವುದೇಕೆ? ಏರುವಾಗ ಒಳಗಿನ ಗಾಳಿ ಹೊರಗಿನದಕ್ಕಿಂತ ಬಲವಾಗಿರುತ್ತದೆ. ಅಂತರವು ೧೫ ಮಿಲಿಮೀಟರ್ ಪಾದರಸದ ಆಸುಪಾಸಿಗೆ ಬಂದರೆ ಆ ಗಾಳಿ ತಾನೇ ನಳಿಕೆಯನ್ನು ನೂಕಿಕೊಂಡು ಹೊರಬೀಳುತ್ತದೆ. ಇಳಿಯುವಾಗ ಹಾಗಲ್ಲ; ಹೊರಗಿನ ಗಾಳಿ ಬಲವಾಗಿ ನಳಿಕೆಯ ಮೆತ್ತನೆಯ ತುದಿಯನ್ನು ಇನ್ನಷ್ಟು ಒತ್ತಿ ಮುಚ್ಚುತ್ತದೆ. ಒಳಕ್ಕೆ ಮಾತ್ರ ಬಿಗಿದುಕೊಳ್ಳುವ ಕವಾಟವೆಂದು ಅದನ್ನು ಭಾವಿಸಬಹುದು. ಅಂತರವು ೯೦ ಮಿಲಿಮೀಟರಿನಷ್ಟು ಬೆಳೆಯಿತೆಂದರೆ ಸ್ನಾಯುಗಳು ಎಷ್ಟು ಎಳೆದರೂ ನಳಿಕೆ ತೆರೆಯದೆಹೋಗಬಹುದು. ಉದಕಮಂಡಲದ ಇಳಿತದ ಅಂತರ ಅದಕ್ಕಿಂತ ಹೆಚ್ಚೆಂಬುದನ್ನು ಗಮನಿಸಿರಿ. ಆದುದರಿಂದ ಕಿವಿ ಪೂರ್ತಿ ಕಟ್ಟಿದ ಮೇಲೆ ಹೆಣಗುವುದಕ್ಕಿಂತ, ಕಟ್ಟುವ ಮೊದಲೇ, ಪ್ರತಿಯೊಂದು ತಿರುವಿನಲ್ಲಿಯೂ ನುಂಗುತ್ತ ಬರುವುದು ಜಾಣತನ.

ಈ ನೋವಿನ ಹಳೆಯ ಸಾಕ್ಷಿಗಳಲ್ಲಿ ಒಬ್ಬನು ವಿದ್ಯಾರ್ಥಿಗಳಿಗೆಲ್ಲ ಪರಿಚಿತನೇ. ಅನಿಲಗಳ ನಿಯಮದಲ್ಲಿ ಹೆಸರು ಕೇಳಿರುವ ಫ್ರೆಂಚ್ ವಿಜ್ಞಾನಿ ಜಾಕ್ ಚಾರ್ಲ್ಸನು ೧೭೮೩ರ ಡಿಸೆಂಬರ್ ೧ರಂದು ಪ್ಯಾರಿಸ್ಸಿನಿಂದ ಜಲಜನಕದ ಬುಗ್ಗೆಯಲ್ಲಿ ಆಕಾಶಕ್ಕೇರಿದನು. ಒಮ್ಮೆ ಇಳಿದು, ಜೊತೆಗಾರನನ್ನು ಕೆಳಗೆ ಬಿಟ್ಟು, ಒಬ್ಬನೇ ಮತ್ತೆ ಏರಿದಾಗ ಹಗುರಾದ ಬುಗ್ಗೆ ಅವನನ್ನು ಕೆಲವೇ ನಿಮಿಷಗಳಲ್ಲಿ ಸುಮಾರು ೩೦೦೦ ಮೀಟರ್ ಎತ್ತರಕ್ಕೆ ಒಯ್ದಿತು. ಅಲ್ಲಿ ಅವನನ್ನು ಕಾಡಿದ ಸಂಕಟಗಳಲ್ಲಿ ಕಿವಿಯ ತೀವ್ರವಾದ ನೋವೂ ಒಂದು. ಅನಿಲದ ನಿಯಮವು ಅದನ್ನು ಬಲ್ಲವನ ಕಿವಿಯನ್ನೂ ಬಿಡಲಿಲ್ಲ.

ಇಂದಿನ ವಿಮಾನದಲ್ಲಿಯೂ ಕಥೆ ಅದೇ. ವಿಮಾನ ಹತ್ತು ಹನ್ನೊಂದು ಸಾವಿರ ಮೀಟರ್ ಎತ್ತರದಲ್ಲಿ ಹಾರಿದರೂ ಅದರೊಳಗಿನ ಗಾಳಿಯನ್ನು ಸುಮಾರು ೧೮೦೦ರಿಂದ ೨೪೦೦ ಮೀಟರ್ ಎತ್ತರದ ಒತ್ತಡಕ್ಕೆ ಸರಿಯಾಗಿ ಇಟ್ಟಿರುತ್ತಾರೆ. ಎಂದರೆ ವಿಮಾನದಲ್ಲಿ ಕುಳಿತವನ ಕಿವಿಗೆ ತಾನು ಉದಕಮಂಡಲದಲ್ಲಿ ಇದ್ದಂತೆಯೇ. ಸಮುದ್ರಮಟ್ಟದ ಚೆನ್ನೈಯಲ್ಲಿ ಇಳಿಯುವಾಗ ಕಿವಿಗೆ ಬೀಳುವ ಭಾರ, ೯೦೦ ಮೀಟರ್ ಎತ್ತರದ ಬೆಂಗಳೂರಿನಲ್ಲಿ ಇಳಿಯುವಾಗ ಬೀಳುವುದಕ್ಕಿಂತ ಹೆಚ್ಚು. ಹೀಗೆ ಯೋಚಿಸಿ ನೋಡಿದರೆ ಭೂಗೋಳದ ನಕ್ಷೆಯೂ ಕಿವಿಯ ಪಾಠವಾಗುತ್ತದೆ.

ಮನೆಯಲ್ಲಿ ಮಾಡತಕ್ಕದ್ದು

ನಳಿಕೆಯನ್ನು ತೆರೆಸುವುದೇ ಉಪಾಯವಾದುದರಿಂದ ಮನೆಮದ್ದು ಬಾಯಿಂದ ಆಗಬೇಕೇ ಹೊರತು ಕಿವಿಯಿಂದಲ್ಲ. ನುಂಗುವುದು, ಆಕಳಿಸುವುದು, ಅಗಿಯುವುದು, ಇವು ಮೊದಲನೆಯವು. ಬಾಯಿ ಒಣಗಿ ನುಂಗಲಾಗದಿದ್ದರೆ ಒಂದು ಪೆಪ್ಪರಮೆಂಟು, ನಾಲ್ಕು ಹುರಿಗಡಲೆ, ಒಂದು ಎಸಳು ಹುಣಸೆಹಣ್ಣು ಸಾಕು. ಕೈಗೂಸಿಗೆ ಘಟ್ಟ ಇಳಿಯುವಾಗ ತಾಯಿ ಹಾಲೂಡಿಸುವುದು ಒಳ್ಳೆಯದು; ಮಗು ಅತ್ತರೂ ಹೆದರಬೇಕಾದುದಿಲ್ಲ, ಅಳುವಿನ ನಡುವೆ ನುಂಗುವುದರಿಂದಲೂ ನಳಿಕೆ ತೆರೆದೀತು. ಇಳಿಯುವಾಗ ನಿದ್ದೆ ಕೂಡದು.

ಎರಡನೆಯದು, ಮೂಗನ್ನು ಬೆರಳುಗಳಿಂದ ಹಿಡಿದು ಒಂದು ಗುಟುಕು ನೀರು ನುಂಗುವುದು. ಇದನ್ನು ೧೯ನೆಯ ಶತಮಾನದ ಇಂಗ್ಲಿಷ್ ಕರ್ಣವೈದ್ಯ ಜೋಸೆಫ್ ಟಾಯ್ನ್‌ಬಿಯ ಹೆಸರಿನಿಂದ ಕರೆಯುತ್ತಾರೆ. ಈತನ ಕೊನೆ ನಮಗೆ ಪಾಠವಾಗತಕ್ಕದ್ದು. ಕಿವಿಯ ಮೊರೆತಕ್ಕೆ ಮದ್ದು ಹುಡುಕುತ್ತ, ೧೮೬೬ರಲ್ಲಿ, ತನ್ನ ಮೇಲೆಯೇ ಕ್ಲೋರೋಫಾರಮ್ಮಿನ ಮತ್ತು ಪ್ರಸಿಕ್ ಆಮ್ಲದ ಆವಿಯನ್ನು ಪ್ರಯೋಗಿಸಿಕೊಂಡು ಈತನು ಸತ್ತನು. ಕಿವಿಯ ವಿಚಾರದಲ್ಲಿ ಸ್ವಂತ ಪ್ರಯೋಗಕ್ಕೆ ಎಲ್ಲೆ ಇರಬೇಕೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಮೂರನೆಯದು, ಮೂಗು ಬಾಯಿಗಳನ್ನು ಮುಚ್ಚಿ ಮೆಲ್ಲನೆ ಊದುವುದು. ೧೭೦೪ರಲ್ಲಿ ಮಾನವನ ಕಿವಿಯನ್ನು ಕುರಿತು ಗ್ರಂಥ ಬರೆದ ಇಟಲಿಯ ವಾಲ್ಸಾಲ್ವನ ಹೆಸರು ಇದಕ್ಕೆ ಸೇರಿದೆ. ‘ಮೆಲ್ಲನೆ’ ಎಂಬ ಮಾತನ್ನು ಒತ್ತಿ ಹೇಳುತ್ತೇವೆ. ಕಿವಿ ಬಿಡಲಿಲ್ಲವೆಂದು ಕೆನ್ನೆ ಕೆಂಪಾಗುವಂತೆ ಊದಿದರೆ ದಮಟೆಗೂ ಒಳಗಿವಿಯ ಸೂಕ್ಷ್ಮ ಪೊರೆಗಳಿಗೂ ಅಪಾಯ. ಮೂಗಿನಲ್ಲಿ ಹಳದಿ ಸಿಂಬಳ ತುಂಬಿರುವಾಗ ಊದಬಾರದು. ಅದು ಸೋಂಕನ್ನು ಮಧ್ಯಕರ್ಣಕ್ಕೆ ತಳ್ಳೀತು. ಹೃದಯರೋಗಿಗಳೂ ರಕ್ತದೊತ್ತಡದವರೂ ವೈದ್ಯರನ್ನು ಕೇಳದೆ ಇದನ್ನು ಮಾಡದಿರುವುದು ಲೇಸು.

ನೆಗಡಿಯಲ್ಲಿ ಪ್ರಯಾಣ ಅನಿವಾರ್ಯವಾದರೆ, ಮೂಗಿನ ಊತವನ್ನು ಇಳಿಸುವ ಹನಿಮದ್ದನ್ನು ವೈದ್ಯರ ಸಲಹೆಯ ಮೇಲೆ ಇಳಿತಕ್ಕೆ ಅರ್ಧ ಗಂಟೆ ಮೊದಲು ಬಳಸಬಹುದು. ಆದರೆ ಇದು ನಾಲ್ಕೈದು ದಿನಕ್ಕೆ ಮೀರಿದ ಅಭ್ಯಾಸವಾಗಬಾರದು. ದಿನವೂ ಹಾಕಿಕೊಂಡರೆ ಮದ್ದು ನಿಲ್ಲಿಸಿದೊಡನೆ ಮೂಗು ಇನ್ನಷ್ಟು ಕಟ್ಟುತ್ತದೆ.

ಎಣ್ಣೆಯ ಪಕ್ಷದವರ ವಾದ

‘ತಲೆತಲಾಂತರದಿಂದ ಎಣ್ಣೆ ಬಿಟ್ಟಿದ್ದೇವೆ, ಗುಣವಾಗಿದೆ’ ಎಂದು ಹೇಳುವವರುಂಟು. ಈ ವಾದವನ್ನು ನಕ್ಕು ತಳ್ಳಬಾರದು, ತೂಗಿ ನೋಡಬೇಕು. ಬಸ್ಸಿನಿಂದ ಇಳಿದವನ ಕಿವಿ, ನೆಗಡಿಯಿಲ್ಲದಿದ್ದರೆ, ಕೆಲವು ಗಂಟೆಗಳಲ್ಲಿ ತಾನಾಗಿ ಬಿಟ್ಟುಕೊಳ್ಳುತ್ತದೆ. ಅಷ್ಟರೊಳಗೆ ಎಣ್ಣೆ ಬಿಟ್ಟಿದ್ದರೆ ಕೀರ್ತಿ ಎಣ್ಣೆಗೆ ಹೋಗುತ್ತದೆ. ಅಲ್ಲದೆ ಎಣ್ಣೆ ಬಿಡುವಾಗ ಮಗು ಅಳುತ್ತದೆ, ಎಂಜಲು ನುಂಗುತ್ತದೆ. ನಳಿಕೆ ತೆರೆದದ್ದು ಆ ಗುಟುಕಿನಿಂದ. ಒಂದರ ತರುವಾಯ ಇನ್ನೊಂದು ನಡೆದರೆ ಮೊದಲನೆಯದೇ ಕಾರಣವೆನ್ನುವುದು ತರ್ಕದೋಷವೆಂದು ನಾವು ಪ್ರಯೋಗಶಾಲೆಯಲ್ಲಿ ಕಲಿಸುತ್ತೇವೆ. ಅಡಿಗೆಮನೆಯಲ್ಲಿಯೂ ಅದು ತರ್ಕದೋಷವೇ.

ಎಣ್ಣೆಗೆ ಸಲ್ಲಬೇಕಾದ ನ್ಯಾಯವನ್ನೂ ಸಲ್ಲಿಸೋಣ. ಹೊರನಾಳದಲ್ಲಿ ಗುಗ್ಗೆ ಗಟ್ಟಿಯಾಗಿ ಕಿವಿ ಮುಚ್ಚಿದ್ದರೆ ಅದನ್ನು ಮೆತ್ತಗೆ ಮಾಡಲು ಮೈಬಿಸಿಗೆ ಮೀರದ ಎಣ್ಣೆಯ ಕೆಲವು ಹನಿಗಳು ನೆರವಾಗುವುದುಂಟು. ಆದರೆ ದಮಟೆ ತೂತಾಗಿಲ್ಲವೆಂದು ತಿಳಿದಿರಬೇಕು. ತೂತಿದ್ದರೆ ಆ ಎಣ್ಣೆ ಮಧ್ಯಕರ್ಣಕ್ಕೆ ಇಳಿದು ಕೀವಿಗೆ ದಾರಿಯಾಗುತ್ತದೆ. ಮೈಬಿಸಿಗಿಂತ ತೀರ ಬೆಚ್ಚಗಿನ ಇಲ್ಲವೆ ತಣ್ಣನೆಯ ದ್ರವ ಕಿವಿಗೆ ಬಿದ್ದರೆ ಒಳಗಿವಿಯ ಸಮತೋಲದ ಅಂಗ ಕೆರಳಿ ತಲೆ ತಿರುಗುವುದು. ದಮಟೆಯ ಸ್ಥಿತಿಯನ್ನು ದೀಪವಿಲ್ಲದೆ ಯಾವ ಅಜ್ಜಿಯೂ ನೋಡಲಾರರು, ಯಾವ ಭೌತಶಾಸ್ತ್ರದ ಉಪನ್ಯಾಸಕನೂ ನೋಡಲಾರನು. ಇನ್ನು ತಲೆಪಿನ್ನು, ಬೆಂಕಿಕಡ್ಡಿ, ಹತ್ತಿ ಸುತ್ತಿದ ಕಡ್ಡಿಗಳು ಗುಗ್ಗೆಯನ್ನು ಹೊರತೆಗೆಯುವುದಕ್ಕಿಂತ ಒಳಕ್ಕೆ ದೂಡುವುದೇ ಹೆಚ್ಚು. ಕೈ ಜಾರಿದರೆ ದಮಟೆಯೇ ಹರಿದೀತು.

ವೈದ್ಯರ ಬಳಿಗೆ ಎಂದು?

ತೀವ್ರವಾದ ನೋವು, ಕಿವಿಯಿಂದ ರಕ್ತ ಅಥವಾ ಕೀವು, ಜ್ವರ, ತಲೆಸುತ್ತು, ಇವುಗಳಲ್ಲಿ ಯಾವುದು ಕಂಡರೂ ಕಾಯಬಾರದು. ಒಂದೆರಡು ವಾರ ಕಳೆದರೂ ಬಿಡದ ಕಿವಿಯನ್ನು ತೋರಿಸಲೇಬೇಕು. ಬಹು ಮುಖ್ಯವಾದ ಇನ್ನೊಂದು ಮಾತು: ಬೆಟ್ಟವೂ ಇಲ್ಲದೆ, ನೆಗಡಿಯೂ ಇಲ್ಲದೆ, ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅದು ಒತ್ತಡದ ಕಾಟವಾಗದೆ ಶ್ರವಣನರದ ಕಾಟವಾಗಿರಬಹುದು. ಇದಕ್ಕೆ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲಿಯೇ ಆಗಬೇಕು. ‘ಕಿವಿ ಕಟ್ಟಿದೆ, ಬಿಟ್ಟೀತು’ ಎಂದು ತಿಂಗಳು ಕಾದರೆ ಕಳೆದ ಶ್ರವಣ ಮರಳಿ ಬಾರದಿರಬಹುದು.

ಇವೆರಡರ ಭೇದವನ್ನು ತಿಳಿಯಲು ವೈದ್ಯರು ಬಳಸುವ ಸಾಧನವು ನಮ್ಮ ಪ್ರಯೋಗಶಾಲೆಯದೇ ಆದ ಶ್ರುತಿಕವಲು. ೫೧೨ ಆವೃತ್ತಿಯ ಕವಲನ್ನು ಮಿಡಿದು ಹಣೆಯ ನಡುವೆ ಊರುತ್ತಾರೆ. ಗಾಳಿಯ ದಾರಿ ಕಟ್ಟಿದ್ದರೆ ಸದ್ದು ಕಟ್ಟಿದ ಕಿವಿಯಲ್ಲಿಯೇ ಜೋರಾಗಿ ಕೇಳುತ್ತದೆ. ನರ ಸೋತಿದ್ದರೆ ಒಳ್ಳೆಯ ಕಿವಿಯಲ್ಲಿ ಕೇಳುತ್ತದೆ. ಇದು ೧೯ನೆಯ ಶತಮಾನದ ಜರ್ಮನ್ ವಿಜ್ಞಾನಿ ವೇಬರನ ಹೆಸರಿನ ಪರೀಕ್ಷೆ. ವಿದ್ಯಾರ್ಥಿಗಳು ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ ‘ಮ್’ ಎಂದು ಗುನುಗಿ ಮೊದಲನೆಯ ಸಂಗತಿಯನ್ನು ಈಗಲೇ ಪರೀಕ್ಷಿಸಿಕೊಳ್ಳಬಹುದು. ರೋಗವನ್ನು ನಿರ್ಣಯಿಸುವ ಕೆಲಸ ಮಾತ್ರ ವೈದ್ಯರದು.

ಇದಕ್ಕಿಂತ ನಿಖರವಾದುದು ಟಿಂಪನೋಮೀಟರ್. ಕಿವಿಯ ಹೊರನಾಳವನ್ನು ಒಂದು ಮೆತ್ತನೆಯ ಬಿರಡೆಯಿಂದ ಮುಚ್ಚಿ, ಅದರೊಳಗಿನ ಒತ್ತಡವನ್ನು ಹೆಚ್ಚು ಕಡಿಮೆ ಮಾಡುತ್ತ, ದಮಟೆಯಿಂದ ಹಿಂದಿರುಗುವ ಸದ್ದನ್ನು ಅಳೆಯುತ್ತಾರೆ. ಎರಡು ಮಗ್ಗುಲ ಒತ್ತಡ ಸಮನಾದಾಗ ದಮಟೆ ಅತ್ಯಂತ ಸಡಿಲವಾಗಿ ಸದ್ದನ್ನು ಹೀರುತ್ತದೆ. ಆ ಬಿಂದುವಿನಿಂದ ಒಳಗಿನ ಒತ್ತಡ ತಿಳಿದುಬಿಡುತ್ತದೆ. ಸೂಜಿಯಿಲ್ಲ, ನೋವಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ೧೯೬೦ರ ದಶಕದಿಂದಲೂ ಶ್ರವಣದ ಪರೀಕ್ಷೆಯಲ್ಲಿಯೂ ಶಿಕ್ಷಣದಲ್ಲಿಯೂ ತೊಡಗಿದೆ. ಇಂಥ ಸಂಸ್ಥೆಯು ನಮ್ಮ ಜಿಲ್ಲೆಗೆ ನೆರೆಯಲ್ಲಿಯೇ ಇರುವುದು ಭಾಗ್ಯ.

ಚಿಕಿತ್ಸೆಯ ಇತಿಹಾಸವೂ ಒತ್ತಡದ ಇತಿಹಾಸವೇ. ವಿಯೆನ್ನಾದ ಆಡಮ್ ಪೊಲಿಟ್ಜರನು ೧೮೬೩ರಲ್ಲಿ, ರೋಗಿ ನೀರು ನುಂಗುವ ಕ್ಷಣದಲ್ಲಿಯೇ ರಬ್ಬರಿನ ಚೀಲದಿಂದ ಮೂಗಿಗೆ ಗಾಳಿ ಊದುವ ಕ್ರಮವನ್ನು ತಂದನು. ಅದಕ್ಕೂ ಮೊದಲು, ೧೯ನೆಯ ಶತಮಾನದ ಆರಂಭದಲ್ಲಿ, ಇಂಗ್ಲೆಂಡಿನ ಆಸ್ಟ್ಲಿ ಕೂಪರನು ದಮಟೆಯಲ್ಲಿ ಸಣ್ಣ ರಂಧ್ರ ಮಾಡಿ ಕಿವುಡನ್ನು ನೀಗಿಸಬಹುದೆಂದು ತೋರಿಸಿದನು. ಆದರೆ ರಂಧ್ರ ಬೇಗ ಮುಚ್ಚಿಕೊಳ್ಳುತ್ತಿತ್ತು. ೧೯೫೪ರಲ್ಲಿ ಅಮೆರಿಕದ ಆರ್ಮ್‌ಸ್ಟ್ರಾಂಗ್ ಎಂಬ ವೈದ್ಯನು ಆ ರಂಧ್ರದಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಕೊಳವೆಯನ್ನು ಕೂರಿಸಿ ತೊಡಕನ್ನು ಬಿಡಿಸಿದನು. ಗ್ರೋಮೆಟ್ ಎಂದು ಕರೆಯುವ ಈ ಕೊಳವೆಯು ಯೂಸ್ಟೇಷಿಯನ್ ನಳಿಕೆಯ ಕೆಲಸವನ್ನು ಹೊರಗಿನಿಂದ ಮಾಡಿ, ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ತಾನೇ ಬಿದ್ದುಹೋಗುತ್ತದೆ. ದೊಡ್ಡವರಲ್ಲಿ ಬಿಡದೆ ಕಾಡುವ ನಳಿಕೆಯೊಳಕ್ಕೆ ಸಣ್ಣ ಬುಗ್ಗೆಯನ್ನು ತೂರಿ, ಉಬ್ಬಿಸಿ, ಅಗಲಿಸುವ ವಿಧಾನವೂ ಈ ಶತಮಾನದಲ್ಲಿ ಬಂದಿದೆ.

ಹಿಂದಿನ ಬೆಂಚಿನ ಹುಡುಗ

ಇಷ್ಟನ್ನೂ ಹೇಳಿದ ಮೇಲೆ, ನಮಗೆ ನಿಜವಾಗಿ ಚಿಂತೆಯಾಗಿರುವ ಸಂಗತಿಗೆ ಬರುತ್ತೇವೆ. ದೊಡ್ಡವರ ಕಿವಿ ಒಂದು ದಿನ ಕಟ್ಟಿದರೆ ಹೋಗುವುದು ಒಂದು ದಿನದ ನೆಮ್ಮದಿ. ಮಕ್ಕಳ ಕಥೆ ಬೇರೆ. ಅವರ ನಳಿಕೆ ಗಿಡ್ಡ, ಹೆಚ್ಚು ಅಡ್ಡವಾಗಿ ಮಲಗಿರುವಂಥದು. ನೆಗಡಿಯ ಮೇಲೆ ನೆಗಡಿಯಾಗಿ ನಳಿಕೆ ವಾರಗಟ್ಟಲೆ ತೆರೆಯದಿದ್ದರೆ, ಮಧ್ಯಕರ್ಣದ ಗಾಳಿಯನ್ನು ಒಳಪೊರೆ ಹೀರಿಕೊಳ್ಳುತ್ತದೆ, ಒತ್ತಡ ತಗ್ಗುತ್ತದೆ, ಆ ಕೊರೆಯನ್ನು ತುಂಬಲು ನೀರು ಒಸರುತ್ತದೆ. ಕಾಲಕ್ರಮದಲ್ಲಿ ಅದು ಅಂಟಿನಂತೆ ಗಟ್ಟಿಯಾಗುತ್ತದೆ. ನೋವಿಲ್ಲ, ಕೀವಿಲ್ಲ, ಜ್ವರವಿಲ್ಲ. ಕೇಳಿಸುವುದು ಮಾತ್ರ ಮಂದ. ಬಹುಪಾಲು ಮಕ್ಕಳಲ್ಲಿ ಇದು ಮೂರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ. ಇಳಿಯದವರಿಗೆ ಚಿಕಿತ್ಸೆಯುಂಟು. ಆದರೆ ಚಿಕಿತ್ಸೆಗೆ ಮೊದಲು ಯಾರಾದರೂ ಗುರುತಿಸಬೇಕಷ್ಟೆ?

ಇಂಥ ಮಗುವನ್ನು ನಮ್ಮ ಶಾಲೆ ಹೇಗೆ ಗುರುತಿಸುತ್ತದೆ? ‘ಕರೆದರೆ ಓಗೊಡುವುದಿಲ್ಲ, ಸೊಕ್ಕು’ ಎಂದು ಒಬ್ಬರು. ‘ಬರೆಸಿದ್ದನ್ನು ತಪ್ಪು ಬರೆಯುತ್ತಾನೆ, ದಡ್ಡ’ ಎಂದು ಇನ್ನೊಬ್ಬರು. ಹಿಂದಿನ ಬೆಂಚಿಗೆ ತಳ್ಳಲ್ಪಟ್ಟ ಹುಡುಗನಿಗೆ ಅಲ್ಲಿಂದ ಇನ್ನೂ ಕಡಿಮೆ ಕೇಳಿಸುತ್ತದೆ. ಮಧ್ಯಕರ್ಣದ ಒಂದು ಚಮಚದಷ್ಟೂ ಇಲ್ಲದ ನೀರು ಹುಡುಗನೊಬ್ಬನ ಓದನ್ನು ಮುಳುಗಿಸಬಲ್ಲುದು. ಕಿವಿ ಸೋರುವುದನ್ನಂತೂ ಎಷ್ಟೋ ಮನೆಗಳಲ್ಲಿ ‘ಮಕ್ಕಳಿಗೆ ಇದ್ದದ್ದೇ, ದೊಡ್ಡವನಾದರೆ ನಿಲ್ಲುತ್ತದೆ’ ಎಂದು ಬಿಟ್ಟುಬಿಡುತ್ತಾರೆ. ಸೋರುವ ಕಿವಿಯೆಂದರೆ ತೂತಾದ ದಮಟೆಯೆಂಬುದು ಅನೇಕ ವೇಳೆ ನಿಜ. ಅದು ಬಿಡತಕ್ಕ ಸಂಗತಿಯಲ್ಲ.

ಆದುದರಿಂದ ನಮ್ಮ ಸಲಹೆಗಳು ಮೂರು. ಮೊದಲನೆಯದು, ಒತ್ತಡದ ಪಾಠವನ್ನು ಕಿವಿಯಿಂದ ಆರಂಭಿಸಬೇಕು. ಪಾದರಸದ ನಳಿಗೆ ಎಲ್ಲ ಶಾಲೆಯಲ್ಲಿಯೂ ಇರಲಾರದು. ಕಿವಿ ಎಲ್ಲರಿಗೂ ಇದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ ೧೪೫೪ ಮೀಟರ್. ಗುಂಡ್ಲುಪೇಟೆಯಿಂದ ಅಲ್ಲಿಗೆ ಹೋಗಿಬರುವ ವಿದ್ಯಾರ್ಥಿಗಳು ಎಲ್ಲೆಲ್ಲಿ ಕಿವಿ ‘ಟಪ್’ ಎಂದಿತೆಂದು ಬರೆದಿಟ್ಟು ತಂದರೆ ಅದಕ್ಕಿಂತ ಒಳ್ಳೆಯ ಪ್ರಯೋಗಪಟ್ಟಿ ಬೇಕೆ? ಎರಡನೆಯದು, ಶಾಲೆಯ ಮಕ್ಕಳ ಶ್ರವಣ ಪರೀಕ್ಷೆ ಕಾಗದದ ಮೇಲೆ ಉಳಿಯಬಾರದು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಮಕ್ಕಳ ಶ್ರವಣದೋಷವನ್ನೂ ತನ್ನ ತಪಾಸಣೆಯ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ತಪಾಸಣೆಯ ತಂಡ ಬಂದ ದಿನ ಉಪಾಧ್ಯಾಯರು ಹಿಂದಿನ ಬೆಂಚಿನ ಹುಡುಗನನ್ನು ಮೊದಲು ಮುಂದಕ್ಕೆ ಕರೆದು ನಿಲ್ಲಿಸಲಿ. ಮೂರನೆಯದು, ಕಿವಿಗೆ ಏನನ್ನಾದರೂ ಬಿಡುವ ಮೊದಲು ‘ತೊಂದರೆ ದಮಟೆಯ ಯಾವ ಮಗ್ಗುಲಲ್ಲಿದೆ?’ ಎಂಬ ಪ್ರಶ್ನೆಯನ್ನು ಪ್ರತಿ ಮನೆಯಲ್ಲಿಯೂ ಒಬ್ಬರಾದರೂ ಕೇಳುವಂತಾಗಬೇಕು. ಆ ಒಬ್ಬರು ಈ ಪುಟವನ್ನು ಓದುತ್ತಿರುವ ವಿದ್ಯಾರ್ಥಿಯೇ ಏಕಾಗಬಾರದು?

ನಮ್ಮ ಹುಡುಗನ ಕಿವಿ ಮಾಯಿತು, ಶ್ರವಣಕ್ಕೆ ಊನವಾಗಲಿಲ್ಲ. ಮರಳಿ ತರಗತಿಗೆ ಬಂದ ದಿನ ಅವನು ಕೇಳಿದ ಪ್ರಶ್ನೆ ನಮಗೆ ಇನ್ನೂ ನೆನಪಿದೆ: “ಸಾರ್, ದಮಟೆ ನಡುವೆ ಮುಚ್ಚಿಕೊಂಡಿದ್ದರೆ ಅಜ್ಜಿ ಬಿಟ್ಟ ಎಣ್ಣೆ ಒಳಗೆ ಹೋಗುವುದಾದರೂ ಹೇಗೆ?” ಪಾಠವನ್ನು ನಾವು ಹೇಳಬೇಕಾಗಿದ್ದ ಕ್ರಮದಲ್ಲಿ ಅವನು ತಾನೇ ಕಲಿತುಕೊಂಡಿದ್ದನು. ಅದಕ್ಕಾಗಿ ಅವನು ತೆತ್ತ ಬೆಲೆ ಹೆಚ್ಚಾಯಿತು. ಮುಂದಿನ ಪ್ರವಾಸದಲ್ಲಿ, ಬಸ್ಸು ಇಳಿಯತೊಡಗಿದೊಡನೆ, ಮಲಗಿದ್ದವರನ್ನೆಲ್ಲ ಎಬ್ಬಿಸಿ ಹುರಿಗಡಲೆ ಹಂಚಿದವನು ಅವನೇ.